ನಾಗಬನದಲ್ಲಿ ಇನ್ಸ್‌ಪೆಕ್ಟರ್ ಮಾತಾಡಿದ ದಿನ

ನರಿಕೊಂಬು,
ಭಾನುವಾರ, 25 ಫೆಬ್ರವರಿ 2024

ಪ್ರೀತಿಯ ತಮ್ಮ ಪದ್ಮನಾಭನಿಗೆ ನಿನ್ನ ವಾರಿಜಕ್ಕ ಮಾಡುವ ಆಶೀರ್ವಾದ.

ನಾವಿಲ್ಲಿ ಎಲ್ಲರೂ ಕ್ಷೇಮ. ಶಿರಸಿಯಲ್ಲಿ ಚಳಿ ಬಿಟ್ಟಿತೋ ಇಲ್ಲವೋ, ಹೇಮಾಳ ಮೊಣಕಾಲು ನೋವು ಹೇಗುಂಟು, ನಾನು ಕಳಿಸಿದ ಎಣ್ಣೆಯನ್ನು ಹಚ್ಚುತ್ತಾಳೋ ಅಥವಾ ದೇವರ ಮುಂದೆ ಇಟ್ಟು ಪೂಜೆ ಮಾಡುತ್ತಾಳೋ, ತಿಳಿಸು. ನಿನ್ನ ಆರೋಗ್ಯ ಹೇಗಿದೆ ಎಂದು ಮಾತ್ರ ನಿನ್ನನ್ನು ಕೇಳುವುದಿಲ್ಲ. ಕೇಳಿದರೆ "ಫಸ್ಟ್ ಕ್ಲಾಸ್ ಅಕ್ಕ" ಎನ್ನುತ್ತೀ. ಟೈಫಾಯ್ಡ್ ಬಂದು ಚಾಪೆ ಹಿಡಿದಾಗಲೂ ಫಸ್ಟ್ ಕ್ಲಾಸ್ ಎಂದವನು ನೀನು. ಆದ್ದರಿಂದ ಕೇಳಬೇಕಾದವರನ್ನು ಕೇಳಿ ತಿಳಿದುಕೊಂಡಿದ್ದೇನೆ. ಡಿಸೆಂಬರಿನಲ್ಲಿ ಬಸ್ ಡಿಪೋದ ಮೆಟ್ಟಿಲಲ್ಲಿ ನೀನು ಕಣ್ಣುಕತ್ತಲೆ ಬಂದು ಬಿದ್ದದ್ದು, ಎದೆಯ ಎಕೋ ಸ್ಕ್ಯಾನ್ ಮಾಡಿಸಿದ್ದು, ಅಕ್ಕನಿಗೆ ಇರುವ ಹೃದಯದ ಕಾಯಿಲೆಯೇ ನಿಮಗೂ ಉಂಟು ಎಂದು ಡಾಕ್ಟರು ಹೇಳಿದ್ದು, ನನ್ನ ಎದೆಯಲ್ಲಿರುವಂಥ ಮಿಷನ್ನನ್ನು ನಿನಗೂ ಹಾಕಿಸಬೇಕೆಂದು ಬರೆದುಕೊಟ್ಟದ್ದು, ಆ ಫೈಲನ್ನು ನೀನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟದ್ದು, ಎಲ್ಲ ನನಗೆ ಗೊತ್ತುಂಟು. ಹೇಮಾಳ ಮೇಲೆ ಸಿಟ್ಟು ಮಾಡಬೇಡ. ಅಕ್ಕಿ ಡಬ್ಬದ ಹಿಂದೆ ಇಟ್ಟದ್ದು ಹೆಂಡತಿಗೆ ಸಿಗದೆ ಇನ್ನು ಯಾರಿಗೆ ಸಿಗಬೇಕು ಮಾರಾಯ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ನಿನಗಿಂತ ಹೆಚ್ಚು ಬುದ್ಧಿ ಇರುತ್ತದೆ.

ನಾಲ್ಕು ಸಲ ಫೋನು ಮಾಡಿದೆ. ಹೃದಯ ಎಂಬ ಶಬ್ದ ನನ್ನ ಬಾಯಿಂದ ಹೊರಟ ಕೂಡಲೇ ನಾಲ್ಕು ಸಲವೂ ನಿನ್ನ ಕಡೆ ಸಿಗ್ನಲ್ ಹೋಯಿತು. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ಫೋನನ್ನು ಕಟ್ ಮಾಡಬಹುದು. ಕಾಗದವನ್ನು ಹರಿದುಹಾಕಬೇಕಾದರೂ ಒಮ್ಮೆ ಬಿಡಿಸಬೇಕು, ಬಿಡಿಸಿದರೆ ಓದದೆ ಇರಲಿಕ್ಕೆ ಆಗುವುದಿಲ್ಲ. ಇಪ್ಪತ್ತಾರು ವರ್ಷ ಈ ಊರಿನ ಟಪಾಲು ಹಂಚಿದವಳಿಗೆ ಇಷ್ಟಾದರೂ ಗೊತ್ತಿರಬೇಡವೇ. ಪೂರಾ ಓದು, ಆಮೇಲೆ ಬೇಕಾದರೆ ನನ್ನನ್ನು ಬೈ.

ಮನೆಯ ಸುದ್ದಿ ಹೆಚ್ಚೇನಿಲ್ಲ. ನಿನ್ನ ಭಾವ ಮರದ ಮಿಲ್ಲಿಗೆ ಹೋಗಿ ಬರುತ್ತಾರೆ, ಬಂದ ಮೇಲೆ ಅದೇ ಮಿಲ್ಲಿನ ಧ್ವನಿಯಲ್ಲಿ ಗೊರಕೆ ಹೊಡೆಯುತ್ತಾರೆ. ನಿನ್ನ ಮಗಳು ಸಾಧನಾ ಮೂಡುಬಿದಿರೆಯ ಹಾಸ್ಟೆಲಿನಿಂದ ತಿಂಗಳಿಗೆ ಎರಡು ಸಲ ಬರುತ್ತಾಳೆ. ಕಾಲೇಜಿನ ಓಟದ ತಂಡದಲ್ಲಿ ಇದ್ದಾಳಲ್ಲ, ಹಸಿವೆಯೋ ಹಸಿವೆ. ಹೋದ ಸಲ ಹನ್ನೊಂದು ನೀರುದೋಸೆ ತಿಂದಳು, ನಾನು ಹನ್ನೆರಡನೆಯದನ್ನು ಹೊಯ್ಯುವಾಗ "ಸಾಕತ್ತೆ, ಡಯಟ್" ಎಂದಳು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಎರಡು ವರ್ಷದ ಹಿಂದೆ ಬಿದ್ದಾಗ ನೀನು ಮಂಗಳೂರಿನ ಆಸ್ಪತ್ರೆಗೆ ಬಂದು ಬಾಗಿಲಲ್ಲಿ ನಿಂತು ಅತ್ತೆ. ಅಷ್ಟು ಮಾತ್ರ ನಿನಗೆ ಗೊತ್ತು. ಆ ದಿನ ನಾನು ಮೂಸಾಕನ ಮನೆಗೆ ಅವರ ಮಗಳು ಫಾಯಿಝಾಳ ಪಾಸ್‌ಪೋರ್ಟ್ ಕೊಡಲಿಕ್ಕೆ ಹೋಗಿದ್ದೆ. ಅವಳು ನರ್ಸಿಂಗ್ ಮುಗಿಸಿ ಗಲ್ಫಿಗೆ ಹೊರಟಿದ್ದಳು. ಸಹಿ ಹಾಕು ಮಗಾ ಎಂದು ಪೆನ್ನು ಕೊಟ್ಟದ್ದು ನೆನಪುಂಟು, ಆಮೇಲೆ ಏನೂ ಇಲ್ಲ. ನನ್ನ ಹೃದಯ ಬಡಿಯುವುದನ್ನು ಬಿಟ್ಟು ಸುಮ್ಮನೆ ನಡುಗುತ್ತಿತ್ತಂತೆ. ಆ ಹುಡುಗಿ ಅಂಗಳದಲ್ಲೇ ಮಂಡಿಯೂರಿ ನನ್ನ ಎದೆಯನ್ನು ಒತ್ತಲಿಕ್ಕೆ ಸುರು ಮಾಡಿದವಳು, ಮೂಸಾಕ ತಮ್ಮ ಓಮ್ನಿಯ ಸೀಟು ಮಡಚಿ ನನ್ನನ್ನು ಮಲಗಿಸಿ ಬಿ.ಸಿ. ರೋಡಿನ ಆಸ್ಪತ್ರೆಗೆ ಮುಟ್ಟಿಸುವವರೆಗೂ ಕೈ ತೆಗೆಯಲಿಲ್ಲ. ಎರಡು ಪಕ್ಕೆಲುಬು ಮುರಿಯಿತು, ಜೀವ ಉಳಿಯಿತು. ನಾನು ಪಾಸ್‌ಪೋರ್ಟನ್ನು ಒಂದು ದಿನ ತಡವಾಗಿ ಕೊಂಡುಹೋಗಿದ್ದರೆ ಅವಳು ನೆಂಟರ ಮನೆಯಲ್ಲಿರುತ್ತಿದ್ದಳು, ನಾನು ಫೋಟೊದಲ್ಲಿರುತ್ತಿದ್ದೆ.

ಮಿಷನ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಮೂರು ತಿಂಗಳು ನಾನು ಬದುಕಿದ್ದೆ ಎಂದು ಹೇಳಲಿಕ್ಕಾಗುವುದಿಲ್ಲ. ನಿನಗೆ ಇದನ್ನು ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಎಡಗಡೆ ಕೊರಳ ಮೂಳೆಯ ಕೆಳಗೆ, ಚರ್ಮದ ಅಡಿಯಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡ ಗಡ್ಡೆಯ ಹಾಗೆ ಕೈಗೆ ಸಿಗುತ್ತದೆ. ಹೃದಯ ದಾರಿ ತಪ್ಪಿದರೆ ಅದು ಶಾಕ್ ಕೊಟ್ಟು ದಾರಿಗೆ ತರುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಾಯಿಲೆಗಿಂತ ಆ ಶಾಕಿನ ಹೆದರಿಕೆಯೇ ನನ್ನನ್ನು ತಿಂದುಹಾಕಿತು. ಮಿಕ್ಸಿ ಹಾಕಿದರೆ ಕೋಣೆ ಬಿಟ್ಟು ಓಡುತ್ತಿದ್ದೆ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ, ನಿನ್ನ ಭಾವ ಹೊರಗೆ ನಿಂತು, ಒಳಗಿರುವವಳಿಗೆ ಧೈರ್ಯ ಬರಲಿ ಎಂದು, ಶ್ರುತಿ ತಾಳ ಎರಡೂ ಇಲ್ಲದ ಭಜನೆ ಹೇಳುತ್ತಿದ್ದರು. ಎಡಗೈಯನ್ನು ಆರು ವಾರ ಹೆಗಲಿಗಿಂತ ಮೇಲೆ ಎತ್ತಬಾರದು ಎಂದಿದ್ದರಿಂದ ನನ್ನ ಜಡೆಯನ್ನೂ ಅವರೇ ಹಾಕಿದರು. ದನ ಕಟ್ಟುವ ಹಗ್ಗ ಹೊಸೆದ ಹಾಗೆ ಹಾಕಿದರು ಅನ್ನು, ಆದರೂ ಹಾಕಿದರು. ಊರವರದ್ದು ಇನ್ನೊಂದು ಕಥೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಬೇಡಿ, ಗುಡುಗುವಾಗ ಅಂಗಳಕ್ಕಿಳಿಯಬೇಡಿ, ಟಿವಿ ರಿಮೋಟು ಮುಟ್ಟಬೇಡಿ. ಒಬ್ಬಳು ನನ್ನ ಹತ್ತಿರ ಕೂತರೆ ತನಗೂ ಕರೆಂಟು ಹೊಡೆದೀತೆಂದು ಜಗಲಿಯ ಆ ತುದಿಯಲ್ಲಿ ಕೂತಳು.

ಕೊನೆಗೆ ಫಾಯಿಝಾ ದುಬೈಯಿಂದ ವಿಡಿಯೋ ಕಾಲ್ ಮಾಡಿ ಚೆನ್ನಾಗಿ ಬೈದಳು. "ವಾರಿಜಕ್ಕ, ನಾನು ಅಷ್ಟು ಒತ್ತಿದ್ದು ನೀವು ಮೂಲೆಯಲ್ಲಿ ಕೂತ್ಕೊಳ್ಳಲಿಕ್ಕಾ" ಎಂದಳು. ಮಗಳ ಪ್ರಾಯದವಳು ಹಾಗೆ ಕೇಳಿದಾಗ ನಾಚಿಕೆಯಾಯಿತು. ಮಾರನೆಯ ದಿನ ಡಾಕ್ಟರ ಹತ್ತಿರ ಹೋಗಿ ಒಂದೊಂದಾಗಿ ಕೇಳಿದೆ. ಮಿಕ್ಸಿ ಆಗುತ್ತದೆ, ಎದೆಗೆ ತಾಗಿಸಿಕೊಳ್ಳಬೇಡಿ ಸಾಕು. ಮೊಬೈಲು ಬಲಗಿವಿಗೆ ಹಿಡಿಯಿರಿ. ವೆಲ್ಡಿಂಗ್ ಮಾಡುವಲ್ಲಿ ನಿಲ್ಲಬೇಡಿ. ಚಿನ್ನದ ಅಂಗಡಿಯ ಬಾಗಿಲಲ್ಲಿ ಕೂಗುವ ಗೇಟು ಇದ್ದರೆ ಒರಗಿ ನಿಲ್ಲದೆ ಸೀದಾ ದಾಟಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಆರು ತಿಂಗಳು ಸ್ಕೂಟರು ಬೇಡ. ಇಷ್ಟೇ. ಟಪಾಲಿನ ಚೀಲವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಹಾಕಿಕೊಂಡು ನಡೆದೇ ಹಂಚಲಿಕ್ಕೆ ಸುರು ಮಾಡಿದೆ. ಮೊದಲ ದಿನ ಎರಡು ಮನೆ, ತಿಂಗಳು ಕಳೆಯುವಾಗ ಇಡೀ ಊರು. ಹೋದ ಆಟಿ ಅಮಾವಾಸ್ಯೆಗೆ ನರಹರಿ ಪರ್ವತದ ಮೆಟ್ಟಿಲು ಹತ್ತಿದೆ. ನಿನ್ನ ಭಾವ ಅರ್ಧದಲ್ಲಿ ಕೂತು ಏದುಸಿರು ಬಿಡುತ್ತಿದ್ದರು, ನಾನು ಮೇಲಿಂದ ಕೈಬೀಸಿದೆ.

ಮಿಷನ್ನಿಗೆ ನಾನು ಇಟ್ಟ ಹೆಸರು ಇನ್ಸ್‌ಪೆಕ್ಟರ್. ನಮ್ಮ ಪೋಸ್ಟಾಫೀಸಿಗೆ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರು ಬರುತ್ತಾರಲ್ಲ, ಮೂಲೆಯ ಕುರ್ಚಿಯಲ್ಲಿ ಕೂತು ಒಂದು ಮಾತೂ ಆಡದೆ ಎಲ್ಲವನ್ನೂ ನೋಡಿ ಬರೆದುಕೊಳ್ಳುತ್ತಾರಲ್ಲ, ಹಾಗೆಯೇ ಇವನು. ಎರಡು ವರ್ಷ ನನ್ನೊಳಗೆ ಕೂತು ಒಂದು ಮಾತಾಡಲಿಲ್ಲ. ಮಾತಾಡಿದ್ದು ಮೊನ್ನೆ, ಫೆಬ್ರವರಿ ಹನ್ನೊಂದರಂದು, ಮಾಣಿ ಊರಿನ ನಮ್ಮ ಕುಟುಂಬದ ನಾಗಬನದಲ್ಲಿ, ವರ್ಷದ ತಂಬಿಲ ಪೂಜೆಯ ದಿನ, ಅರುವತ್ತು ಜನರ ಎದುರು.

ನೀನು ರಜೆ ಇಲ್ಲವೆಂದು ತಂಬಿಲಕ್ಕೆ ಬರಲಿಲ್ಲ. ಬಂದಿದ್ದರೆ ನನ್ನ ಮೂರ್ಖತನವನ್ನೂ ನೋಡುತ್ತಿದ್ದೆ. ನಾಗನಿಗೆ ಹಾಲೆರೆದು ಪೂಜೆ ಮುಗಿಯುವವರೆಗೆ ನಾವು ಹೊಟ್ಟೆಗೆ ಏನೂ ಹಾಕುವುದಿಲ್ಲವಷ್ಟೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಒಂದು ಗುಟುಕು ನೀರು ಕುಡಿದರೂ ಉಪವಾಸ ಹೋಯಿತು ಎಂದು ಬೆಳಗ್ಗಿನ ಮಾತ್ರೆಯನ್ನು ನುಂಗಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಒಂಬತ್ತೂವರೆಗೆ ಬರಬೇಕಾದ ಭಟ್ಟರು ಹನ್ನೆರಡಕ್ಕೆ ಬಂದರು. ಬಿಸಿಲು ನೆತ್ತಿಗೆ ಬಂದಿತ್ತು. ಅಭಿಷೇಕ ಆಗುವಾಗ ನಾನು ಹೆಂಗಸರ ಸಾಲಿನಲ್ಲಿ ಎದುರಿಗೇ ನಿಂತಿದ್ದೆ, ಕೈಯಲ್ಲಿ ಎಲ್ಲರ ಹಾಗೆ ಅಡಿಕೆ ಹೂವಿನ ಹಿಂಗಾರ. ಜಾಗಟೆ ಹೊಡೆಯುತ್ತಿದ್ದರು. ಎದೆಯೊಳಗೆ ಏನೋ ಪಟಪಟ ಎಂದಿತು, ಜಾಗಟೆಯ ಶಬ್ದ ದೂರ ದೂರ ಹೋಯಿತು, ಪಕ್ಕದಲ್ಲಿದ್ದ ಬೆಳ್ತಂಗಡಿಯ ವಿಮಲಕ್ಕನ ಹೆಗಲು ಹಿಡಿದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಬಿತ್ತು ನೋಡು ಒಂದು. ಕಂಬಳದ ಕೋಣ ಎದೆಗೆ ಒದೆದ ಹಾಗೆ. ನಾನು ಒಂದು ಕೂಗು ಹಾಕಿ ಮೊಳದೆತ್ತರ ಹಾರಿ ನೆಲದಲ್ಲಿ ಕೂತೆ. ಜಡೆ ಬಿಚ್ಚಿಹೋಗಿತ್ತು, ಕೈಯಲ್ಲಿ ಹಿಂಗಾರ ಇನ್ನೂ ಇತ್ತು, ಮೈ ಗಡಗಡ ನಡುಗುತ್ತಿತ್ತು.

ನಾಗಬನದಲ್ಲಿ, ತಂಬಿಲದ ಹೊತ್ತಿನಲ್ಲಿ, ಕೂದಲು ಬಿಚ್ಚಿ ಹಿಂಗಾರ ಹಿಡಿದು ನಡುಗುವ ಹೆಂಗಸನ್ನು ಕಂಡರೆ ನಮ್ಮವರು ಏನೆಂದು ತಿಳಿಯುತ್ತಾರೆ ನೀನೇ ಹೇಳು. ಜಾಗಟೆ ಒಂದು ಕ್ಷಣ ನಿಂತದ್ದು ಇಮ್ಮಡಿ ಜೋರಾಯಿತು. ವಾರಿಜಳ ಮೈಮೇಲೆ ನಾಗದರ್ಶನ ಬಂತು ಎಂದು ಎಲ್ಲರೂ ಕೈಮುಗಿದರು. ವಿಮಲಕ್ಕ ನನ್ನ ತಲೆಗೆ ಅರಸಿನದ ನೀರು ಸುರಿದಳು. ಮಡಿಲಿಗೆ ಇನ್ನಷ್ಟು ಹಿಂಗಾರ ಬಂದು ಬಿತ್ತು. ನಾನು "ನೀರು" ಎಂದೆ. ಕುಡಿಯಲಿಕ್ಕೆ ಕೇಳಿದ್ದು. ಅವರು ಏಳು ಸೀಯಾಳ ಕೆತ್ತಿ ಸಾಲಾಗಿ ಇಟ್ಟರು. ನನಗೆ ಏನಾಗುತ್ತಿತ್ತು ಗೊತ್ತುಂಟಾ ಪದ್ದು, ನಗು ಬರುತ್ತಿತ್ತು. ಯಾವ ಶಾಕಿಗೆ ಹೆದರಿ ಮೂರು ತಿಂಗಳು ನಿದ್ದೆಗೆಟ್ಟೆನೋ ಅದು ಬಂದು ಹೋಗಿಯೇಬಿಟ್ಟಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ನಾನು ಬದುಕಿದ್ದೆ. ಸೀಯಾಳ ಸಿಹಿಯಿತ್ತು. ಕಣ್ಣಲ್ಲಿ ನೀರು ಬಂದು ನಗುತ್ತಿದ್ದೆ, ಅದನ್ನೂ ಅವರು ದರ್ಶನ ಎಂದುಕೊಂಡರು.

ಆಗ ದೊಡ್ಡಮಾವ ಮುಂದೆ ಬಂದರು. ಎಪ್ಪತ್ತೆಂಟು ವರ್ಷ, ಕುಟುಂಬದ ಯಜಮಾನ, ನನ್ನನ್ನು ಹುಟ್ಟಿದಲ್ಲಿಂದ "ಏಯ್ ಪೊಣ್ಣೇ", ಏ ಹುಡುಗೀ, ಎಂದು ಗದರಿಸಿದವರು. ಶಾಲು ಸೊಂಟಕ್ಕೆ ಕಟ್ಟಿ, ಕೈಮುಗಿದು, ಜೀವಮಾನದಲ್ಲಿ ಮೊದಲ ಬಾರಿ ನನ್ನನ್ನು ತಾವು ಎಂದರು. ಅವರು ಕೇಳಿದ್ದು ಮಳೆಯನ್ನೂ ಅಲ್ಲ, ಬೆಳೆಯನ್ನೂ ಅಲ್ಲ. "ಈ ಕುಟುಂಬದವರು ಪ್ರಾಯದಲ್ಲೇ ಯಾಕೆ ಹೋಗ್ತಾರೆ? ನಮ್ಮ ಕೊರಗಪ್ಪ ಏನು ತಪ್ಪು ಮಾಡಿದ್ದ? ತಾವು ಹೇಳಿದರೆ ತಿದ್ದಿಕೊಳ್ತೇವೆ" ಎಂದರು. ನನ್ನ ನಗು ಅಲ್ಲಿಗೆ ನಿಂತಿತು.

ಕೊರಗಪ್ಪ ಮಾವ ನೆನಪಿರಬೇಕು ನಿನಗೆ, ದೊಡ್ಡಮಾವನ ತಮ್ಮ, ನಮ್ಮಮ್ಮನ ಅಣ್ಣ, ನಮ್ಮಿಬ್ಬರನ್ನೂ ಎರಡು ಹೆಗಲಲ್ಲಿ ಕೂರಿಸಿಕೊಂಡು ಹೊಳೆ ದಾಟಿಸಿದವರು. ಮನೆಗೆ ಕರೆಂಟು ಬರಬೇಕು ಎಂದು ಅಮ್ಮ ಅವರ ಬೆನ್ನು ಹಿಡಿದಿದ್ದಳು. ತಂತಿಗೆ ಅಡ್ಡ ಬಂದ ಬನದ ಮರದ ಒಂದು ಗೆಲ್ಲನ್ನು ಅವರು ಕಡಿದರು. ಎಂಟನೆಯ ದಿನಕ್ಕೆ ದನಕ್ಕೆ ನೀರು ಇಡುತ್ತಿದ್ದವರು ಕುಸಿದು ಹೋದರು, ಮೂವತ್ತೊಂಬತ್ತು ವರ್ಷ. ಹಾವಿನ ಗುರುತು, ಕಚ್ಚಿದ ಗಾಯ ಏನೂ ಇಲ್ಲ, ಆದರೂ ಎಲ್ಲರೂ ನಾಗದೋಷ ಎಂದರು. ಜೋಯಿಸರಲ್ಲಿ ಪ್ರಶ್ನೆ ಇಟ್ಟದ್ದಾಯಿತು, ಆಶ್ಲೇಷಾ ಬಲಿ ಆಯಿತು. ಹದಿಮೂರು ವರ್ಷ ಕಳೆದು ದೊಡ್ಡಮ್ಮನ ಮಗ ವಸಂತಣ್ಣ ವಾಲಿಬಾಲ್ ಆಡುತ್ತಾ ಬಿದ್ದು ಹೋದಾಗ ಮತ್ತೆ ಪ್ರಶ್ನೆ, ಮತ್ತೆ ಬಲಿ. ಅಮ್ಮ ಸಾಯುವವರೆಗೆ ಆ ಮನೆಯಲ್ಲಿ ಒಂದು ಸ್ವಿಚ್ಚು ಮುಟ್ಟಿದವಳಲ್ಲ. ಲೈಟು ಹಾಕಬೇಕಾದರೆ ನಮ್ಮನ್ನು ಕರೆಯುತ್ತಿದ್ದಳು. ನಾವು ಅವಳಿಗೆ ಹೆದರಿಕೆ ಎಂದು ತಮಾಷೆ ಮಾಡುತ್ತಿದ್ದೆವು. ಅಣ್ಣನನ್ನು ತಾನೇ ಕೊಂದೆ ಎಂದು ಅವಳು ಮೂವತ್ತು ವರ್ಷ ನಂಬಿದ್ದಳು ಎಂಬುದು ನನಗೆ ಅರ್ಥವಾದದ್ದು ಅವಳು ಹೋದ ಮೇಲೆ.

ನನ್ನ ಡಾಕ್ಟರು ಎರಡು ವರ್ಷದ ಹಿಂದೆಯೇ ಒಂದು ಕಾಗದದಲ್ಲಿ ನಮ್ಮ ವಂಶವನ್ನು ಬರೆದಿದ್ದರು. ಅಪ್ಪನ ಕಡೆಯಿಂದ ಸುರು ಮಾಡಲಿಕ್ಕೆ ಹೊರಟರು. "ಡಾಕ್ಟ್ರೇ, ನಮ್ಮಲ್ಲಿ ಕುಟುಂಬ ಅಂದ್ರೆ ತಾಯಿಯ ಕಡೆ" ಎಂದೆ. ಅಜ್ಜಿಯಿಂದ ಹಿಡಿದು ಯಾರ ಮಕ್ಕಳು ಯಾರು, ಯಾರು ಎಷ್ಟನೆಯ ವರ್ಷಕ್ಕೆ ಹೋದರು, ತಂಬಿಲಕ್ಕೆ ಹೆಸರು ಕರೆಯುವ ಕ್ರಮದಲ್ಲೇ ಹೇಳಿದೆ. ಅವರು ತೀರಿಹೋದವರ ಗುರುತಿಗೆ ಶಾಯಿ ತುಂಬುತ್ತಾ ಬಂದು ಕೊನೆಗೆ ಪೆನ್ನು ಕೆಳಗಿಟ್ಟು, ಇದು ರಕ್ತದಲ್ಲಿ ಇಳಿದು ಬಂದ ಕಾಯಿಲೆ, ಹೃದಯದ ಗೋಡೆ ದಪ್ಪವಾಗುತ್ತದೆ, ತಾಯಿಯಿಂದಲೂ ಬರುತ್ತದೆ ತಂದೆಯಿಂದಲೂ ಬರುತ್ತದೆ, ಎಲ್ಲರೂ ಪರೀಕ್ಷೆ ಮಾಡಿಸಿ ಎಂದರು. ಅದನ್ನು ನಾನು ಮದುವೆ, ಸೀಮಂತ, ಸತ್ತವರ ಬೊಜ್ಜದ ಊಟ ಎಲ್ಲ ಕಡೆಯೂ ಹೇಳಿದೆ. ಯಾರು ಕೇಳುತ್ತಾರೆ. ವಾರಿಜಳಿಗೆ ಮಿಷನ್ ಹಾಕಿದ ಮೇಲೆ ಬೇರೆ ಮಾತೇ ಇಲ್ಲ ಎಂದು ಪಾಯಸ ಬಡಿಸಿಕೊಂಡರು.

ಅಂಥವರು ಮೊನ್ನೆ ಅರುವತ್ತು ಜನ ನನ್ನ ಬಾಯಿ ನೋಡುತ್ತಾ ನಿಂತಿದ್ದರು. ಒಂದು ಸುಳ್ಳು ಹೇಳಿದ್ದರೆ ಅಂದು ಅವರು ನಾನು ಹೇಳಿದ ಹಾಗೆ ಕುಣಿಯುತ್ತಿದ್ದರು. ಆಸೆ ಆಗಲಿಲ್ಲ ಎನ್ನುವುದಿಲ್ಲ. ಆದರೆ ನಾಗದೇವರ ಎದುರು ಕೂತು ಅವನ ಹೆಸರಿನಲ್ಲಿ ನನ್ನ ಮಾತು ನಡೆಸುವ ಧೈರ್ಯ ನನಗಿಲ್ಲ. ಹಿಂಗಾರವನ್ನು ಮಡಿಲಿನಿಂದ ತೆಗೆದು ಮಣೆಯ ಮೇಲಿಟ್ಟೆ. "ಮಾವ, ಇದು ದರ್ಶನ ಅಲ್ಲ. ನನ್ನ ಎದೆಯ ಮಿಷನ್ ಹೊಡೆದದ್ದು. ಈಗ ನಾನು ಸಾಯಬೇಕಿತ್ತು, ಕೊರಗಪ್ಪ ಮಾವ ಹೋದ ಹಾಗೇ. ಅವರು ಒಂದು ತಪ್ಪೂ ಮಾಡಲಿಲ್ಲ. ಅಮ್ಮನೂ ಮಾಡಲಿಲ್ಲ. ಗೆಲ್ಲು ಕಡಿದದ್ದಕ್ಕೆ ಯಾರೂ ಸಾಯಲಿಲ್ಲ" ಎಂದೆ. ಎಂದವಳು ಎಲ್ಲರೆದುರು ಅತ್ತುಬಿಟ್ಟೆ, ಅಮ್ಮನನ್ನು ನೆನೆದು.

ಜಾಗಟೆ ನಿಂತಿತು. ವಿಮಲಕ್ಕ ಸುರಿದ ಅರಸಿನದ ನೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಹಿಂದೆ ಯಾರೋ, ದೇವರ ಎದುರು ಇದೆಂಥ ತಮಾಷೆ ಎಂದು ಗೊಣಗಿದರು. ಭಟ್ಟರು ನನ್ನನ್ನೂ ದೊಡ್ಡಮಾವನನ್ನೂ ನೋಡಿದರು. ದೊಡ್ಡಮಾವ ನನ್ನ ಮುಂದೆ ಹಾಗೆಯೇ ನೆಲದಲ್ಲಿ ಕೂತರು. "ಕೊರಗಪ್ಪ ತಪ್ಪು ಮಾಡಲಿಲ್ಲವಾ" ಎಂದು ಎರಡು ಸಲ ಕೇಳಿದರು. ಇಲ್ಲ ಮಾವ ಎಂದು ಎರಡು ಸಲ ಹೇಳಿದೆ. ಮುದುಕ ಶಾಲಿನಲ್ಲಿ ಮುಖ ಒರೆಸಿಕೊಂಡು ಎದ್ದು ನಿಂತು, ಗೊಣಗಿದವನ ಕಡೆ ತಿರುಗಿ, "ನಾಗ ಹೇಳಿದರೇನು, ಮಿಷನ್ ಹೇಳಿದರೇನು. ಸತ್ಯ ಹೇಳಿದ್ದು ತಾನೆ. ಸತ್ಯದ ಪಕ್ಕ ನಿಲ್ಲುವವನೇ ನಾಗ. ಭಟ್ರೇ, ಮಂಗಳಾರತಿ ಮಾಡಿ. ಪರೀಕ್ಷೆಗೆ ಎಲ್ಲಿ ಹೋಗಬೇಕು ಹೇಳು ಪೊಣ್ಣೇ, ಹೋಗುವ" ಎಂದರು. ಪೊಣ್ಣೇ ಎಂದಾಗ ನನಗೆ ಸಮಾಧಾನವಾಯಿತು. ತಾವು ಎಂದರೆ ಮೈ ಕಚಗುಳಿ ಇಟ್ಟ ಹಾಗೆ ಆಗುತ್ತಿತ್ತು.

ನಾನು ಅಲ್ಲೇ ಮಾತ್ರೆ ನುಂಗಿ ಆಸ್ಪತ್ರೆಗೆ ಫೋನು ಮಾಡಿದೆ. ಒಂದೇ ಶಾಕ್ ಬಂದು ಆರಾಮವಿದ್ದರೆ ಗಾಬರಿ ಬೇಡ, ಇವತ್ತೇ ಬಂದು ತೋರಿಸಿ, ಇನ್ನೊಂದು ಬಂದರೆ ಆ ಕ್ಷಣ ಹೊರಡಿ ಎಂದರು. ನಿನ್ನ ಭಾವ ಕಾರು ತರಿಸಿ ಬಾಗಿಲು ತೆರೆದು ನಿಂತಿದ್ದರು, ನಾನು ಬಾಳೆಲೆ ಮುಂದೆ ಕೂತು ಊಟ ಮಾಡಿಯೇ ಎದ್ದೆ. ಸಾಯಂಕಾಲ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು ಬರೆದುಕೊಂಡದ್ದನ್ನೆಲ್ಲ ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದರು. ಹನ್ನೆರಡು ಗಂಟೆ ಐವತ್ತೆರಡು ನಿಮಿಷಕ್ಕೆ ಹೃದಯ ನಿಮಿಷಕ್ಕೆ ಇನ್ನೂರ ಹನ್ನೆರಡು ಸಲ ಓಡಿತ್ತು, ಒಂದು ಶಾಕ್, ಮತ್ತೆ ಎಪ್ಪತ್ತೆಂಟು. ಡಾಕ್ಟರು ಮಾತ್ರೆ ಬಿಟ್ಟದ್ದಕ್ಕೆ ಬೈದರು, ಆಮೇಲೆ ಎದ್ದು ನಿಂತು ಕೈಕುಲುಕಿದರು.

ಹೋದ ವಾರ ಶನಿವಾರ, ಹದಿನೇಳಕ್ಕೆ, ಟೆಂಪೊ ಮಾಡಿಕೊಂಡು ಹನ್ನೊಂದು ಜನರಿಗೆ ಎಕೋ ಮಾಡಿಸಲಿಕ್ಕೆ ಮಂಗಳೂರಿಗೆ ಹೋದೆವು. ಮೊದಲು ಮಂಚದ ಮೇಲೆ ಮಲಗಿದವರು ದೊಡ್ಡಮಾವ. ಎದೆಗೆ ಹಚ್ಚುವ ಜೆಲ್ಲಿ ತಣ್ಣಗೆ ತಾಗಿದಾಗ ಇದೆಂಥ ಸಾವು ಮಾರಾಯ್ತಿ ಎಂದು ನರ್ಸಿಗೆ ಬೈದರು. ಅವರ ಹೃದಯ ಐವತ್ತು ವರ್ಷದವರ ಹಾಗೆ ಉಂಟಂತೆ. ಅದನ್ನು ಕಂಡಕಂಡವರಿಗೆಲ್ಲ ಹೇಳುತ್ತಾ ಮ್ಯಾಟ್ರಿಕ್ ಪಾಸಾದ ಹಾಗೆ ತಿರುಗುತ್ತಿದ್ದಾರೆ. ವಿಮಲಕ್ಕನಿಗೆ ಗೋಡೆ ಸ್ವಲ್ಪ ದಪ್ಪ, ಈಗ ಮಾತ್ರೆ ಸಾಕು ಎಂದಿದ್ದಾರೆ. ಉಳಿದ ಒಂಬತ್ತು ಜನಕ್ಕೆ ಸದ್ಯ ಏನಿಲ್ಲ, ಕೆಲವು ವರ್ಷಕ್ಕೊಮ್ಮೆ ನೋಡಬೇಕಂತೆ. ಅಷ್ಟು ವರ್ಷ ನಮ್ಮನ್ನು ಹೆದರಿಸಿದ್ದಕ್ಕೆ ಈಗ ಒಂದು ಹೆಸರುಂಟು, ಒಂದು ಮದ್ದುಂಟು. ಬರುವಾಗ ಟೆಂಪೊದಲ್ಲಿ ಎಲ್ಲರೂ ಹಾಡಿದರು. ನಾನು ಗೆದ್ದೆ ಪದ್ದು. ನಾನು ಬದುಕಿ ಗೆದ್ದೆ, ಕೊರಗಪ್ಪ ಮಾವನನ್ನೂ ಅಮ್ಮನನ್ನೂ ಗೆಲ್ಲಿಸಿದೆ. ಜಂಬ ಎಂದರೆ ಜಂಬ.

ಇನ್ನು ನಿನ್ನ ವಿಷಯ. "ಹಣೆಯಲ್ಲಿ ಬರೆದದ್ದನ್ನು ಡಾಕ್ಟ್ರು ಅಳಿಸ್ತಾರಾ" ಎಂದು ಹೇಮಾಳಲ್ಲಿ ಕೇಳಿದೆಯಂತೆ. ಹಣೆಬರಹ ನಿನ್ನ ಬಾಯಿಗೆ ಬರುವ ನೆಪ ಅಷ್ಟೆ, ನಿನ್ನ ಹೆದರಿಕೆ ಬೇರೆ ಎಂದು ನನಗೆ ಗೊತ್ತು. ಮಿಷನ್ ಹಾಕಿದರೆ ಬಸ್ಸು ಬಿಡಬೇಕಾಗುತ್ತದೆ. ನಾನು ಸುಳ್ಳು ಹೇಳುವುದಿಲ್ಲ, ಡಾಕ್ಟರನ್ನು ಕೇಳಿದೆ, ಹೌದು, ಜನ ತುಂಬಿದ ಬಸ್ಸು ಓಡಿಸಲಿಕ್ಕೆ ಬಿಡುವುದಿಲ್ಲ. ಇಪ್ಪತ್ತೆರಡು ವರ್ಷ ಒಂದು ಅಪಘಾತ ಇಲ್ಲದೆ ಓಡಿಸಿದವನಿಗೆ ಇದು ಸಣ್ಣ ಮಾತಲ್ಲ. ಸ್ಟೇರಿಂಗ್ ಬಿಟ್ಟರೆ ನಾನು ಯಾರು ಎಂದು ಕೇಳಿದೆಯಂತಲ್ಲ, ಅದನ್ನು ಹೇಳುವಾಗ ಹೇಮಾ ಫೋನಿನಲ್ಲಿ ಅತ್ತಳು, ನಾನೂ ಅತ್ತೆ. ಆದರೆ ಡಿಪೋದವರಿಗೆ ಬಿಪಿ ಎಂದು ಹೇಳಿ ನೀನು ಈಗಲೂ ಹುಬ್ಬಳ್ಳಿ ಗಾಡಿ ಓಡಿಸುತ್ತೀ. ಮೆಟ್ಟಿಲಲ್ಲಿ ಬಂದ ಕತ್ತಲೆ ಕಾಡಿನ ತಿರುವಿನಲ್ಲಿ ಬಂದರೆ ನಿನ್ನ ಹಿಂದೆ ಐವತ್ತು ಜನ ಕೂತಿರುತ್ತಾರೆ. ಒಂದು ಗೆಲ್ಲು ಕಡಿದದ್ದಕ್ಕೆ ಒಂದು ಮನೆ ಮೂವತ್ತು ವರ್ಷ ಅತ್ತಿತು. ನಿನ್ನ ಬಸ್ಸು ಉರುಳಿದರೆ ಎಷ್ಟು ಮನೆ ಎಷ್ಟು ವರ್ಷ ಅಳಬೇಕು ಲೆಕ್ಕ ಹಾಕು. ಆ ತಪ್ಪಿಗೆ ಯಾವ ಬಲಿ ಕೊಟ್ಟರೂ ತೀರುವುದಿಲ್ಲ. ಬೇರೆ ಕೆಲಸ ಕೊಡುವ ಕ್ರಮ ಉಂಟು ಎನ್ನುತ್ತಾರೆ, ಅರ್ಜಿ ನಾನೇ ಬರೆದುಕೊಡುತ್ತೇನೆ. ನನ್ನ ಅರ್ಜಿ ಯಾವ ಆಫೀಸಿನಲ್ಲೂ ಇಷ್ಟರವರೆಗೆ ಮೂಲೆ ಸೇರಿದ್ದಿಲ್ಲ.

ಹಾಕಿಸಿಕೊಂಡ ಮೇಲೆ ಹೆದರಿಕೆ ಆಗುತ್ತದೆ. ಮೂರು ತಿಂಗಳು ಆಗುತ್ತದೆ, ಆಮೇಲೆ ಒಂದು ದಿನ ಮರೆತುಹೋಗುತ್ತದೆ. ಬಾತ್‌ರೂಮಿನ ಹೊರಗೆ ಭಜನೆ ಹೇಳಲಿಕ್ಕೆ ನಿನ್ನ ಭಾವನನ್ನು ಕಳಿಸಿಕೊಡುತ್ತೇನೆ, ಅದನ್ನು ತಪ್ಪಿಸಿಕೊಳ್ಳಲಿಕ್ಕಾದರೂ ನೀನು ಬೇಗ ಗುಣವಾದೀಯೆ.

ಹೇಮಾಳಿಗೆ ನನ್ನ ಪ್ರೀತಿ ಹೇಳು, ಎಣ್ಣೆ ಹಚ್ಚಲಿಕ್ಕೆ ಹೇಳು. ಭಾವನ ನೆನಪುಗಳು. ದೊಡ್ಡಮಾವ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಅವರ ಹೃದಯ ಐವತ್ತು ವರ್ಷದ್ದು ಎಂದೂ ಬರೆಯಲಿಕ್ಕೆ ಹೇಳಿದ್ದಾರೆ. ನೂರು ವರ್ಷ ಬದುಕು.

ನಿನ್ನ ಅಕ್ಕ,
ವಾರಿಜಾ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಟೆಂಪೊದಲ್ಲಿ ನಮ್ಮ ಜೊತೆ ಸಾಧನಾ ಕೂಡ ಬಂದಿದ್ದಳು. ಮುದುಕರ ಕೈ ಹಿಡಿದು ಇಳಿಸಿದಳು, ಎಲ್ಲರ ಫಾರಂ ತುಂಬಿಸಿದಳು. ಅವಳ ಸರದಿ ಬಂದಾಗ ಮಂಚ ಹತ್ತಲಿಲ್ಲ. ಇದು ತಂದೆಯಿಂದಲೂ ಬರುತ್ತದೆ ಎಂದು ಡಾಕ್ಟರೇ ಅವಳಿಗೆ ಹೇಳಿದರು. ನಾನು ಬೈದೆ, ಮುದ್ದು ಮಾಡಿದೆ. "ಅಪ್ಪನಿಗೆ ಬೇಡದ್ದು ನನಗೂ ಬೇಡ ಅತ್ತೆ. ಅಪ್ಪ ಮಾಡಿಸಿದ್ರೆ ನಾನೂ ಮಾಡಿಸ್ತೇನೆ" ಎಂದಳು. ಅವಳಿಗೆ ನಿನ್ನ ಹೃದಯ ಬಂದಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಹಟವಂತೂ ಪೂರ್ತಿ ಬಂದಿದೆ. ಅವಳು ದಿನಾ ಬೆಳಿಗ್ಗೆ ಎಂಟು ಕಿಲೋಮೀಟರ್ ಓಡುತ್ತಿದ್ದಳು ಪದ್ದು. ಪರೀಕ್ಷೆ ಆಗುವವರೆಗೆ ಓಡುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಆಣೆ ಹಾಕಿ, ಓಟದ ಶೂ ಬಿಚ್ಚಿ ನನ್ನ ಕೈಗೆ ಕೊಟ್ಟು ಬರಿಗಾಲಲ್ಲಿ ಮೂಡುಬಿದಿರೆ ಬಸ್ಸು ಹತ್ತಿದಳು. ಮಾರ್ಚ್ ನಾಲ್ಕು, ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ ಆಸ್ಪತ್ರೆಯಲ್ಲಿ ಎರಡು ಹೆಸರು ಬರೆಸಿದ್ದೇನೆ. ನಿನ್ನದು ಮೊದಲು, ಅವಳದ್ದು ನಂತರ.